ಆಲ್ಕೊಳದಿಂದ ಐಐಎಂವರೆಗೆ: ಎಂಬಿಎ ಪ್ರವೇಶ ಪರೀಕ್ಷೆಗೆ ಸಿದ್ಧತೆ ಹೇಗೆ?

ಶಿವಮೊಗ್ಗ ನಗರದ ಸಾಗರ ರಸ್ತೆಗೆ ಹೊಂದಿಕೊಂಡಿರುವ ಆಲ್ಕೊಳ, ಗಾಡಿಕೊಪ್ಪ, ಗೋಪಾಳ, ವಿನೋಬನಗರದಂಥ ಬಡಾವಣೆಗಳಲ್ಲಿ ಬಿ.ಕಾಂ., ಬಿಬಿಎ, ಎಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿಗಳ ಮನೆಗಳಲ್ಲಿ ಪ್ರತಿವರ್ಷ ಒಂದು ಚರ್ಚೆ ತಪ್ಪದೆ ನಡೆಯುತ್ತದೆ. ಪದವಿಯ ನಂತರ ಎಂಬಿಎ ಮಾಡುವುದಾದರೆ ಎಲ್ಲಿ, ಯಾವ ಪರೀಕ್ಷೆ ಬರೆದು, ಎಷ್ಟು ಖರ್ಚಿನಲ್ಲಿ? ಊರಿನಲ್ಲೇ ಕುಳಿತು ಓದಿದರೆ ಸಾಕೇ, ಬೆಂಗಳೂರಿಗೆ ಹೋಗಿ ತರಬೇತಿ ಪಡೆಯಲೇಬೇಕೇ? ಉತ್ತರ ತಡವಾದಷ್ಟೂ ಆಯ್ಕೆಗಳು ಕಡಿಮೆಯಾಗುತ್ತವೆ. ಪರೀಕ್ಷೆಯ ಸ್ವರೂಪ, ಅಂಕಗಳ ಲೆಕ್ಕಾಚಾರ, ಓದಿನ ಕ್ರಮ, ದಾಖಲೆಪತ್ರ ಮತ್ತು ಶುಲ್ಕದ ಬಗ್ಗೆ ಅಭ್ಯರ್ಥಿಗಳೂ ಪೋಷಕರೂ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಯಾವ ಪರೀಕ್ಷೆ, ಯಾವ ಬಾಗಿಲು?

ಎಂಬಿಎ ಪ್ರವೇಶಕ್ಕೆ ದೇಶದಲ್ಲಿ ಒಂದೇ ಪರೀಕ್ಷೆ ಇಲ್ಲ. ಪ್ರತಿಯೊಂದು ಪರೀಕ್ಷೆಯೂ ಬೇರೆ ಬೇರೆ ಸಂಸ್ಥೆಗಳ ಬಾಗಿಲು ತೆರೆಯುತ್ತದೆ. ಆದ್ದರಿಂದ ಮೊದಲು ಸಂಸ್ಥೆಗಳ ಪಟ್ಟಿ, ಆಮೇಲೆ ಪರೀಕ್ಷೆಯ ಆಯ್ಕೆ ಎಂಬುದು ಸರಿಯಾದ ಕ್ರಮ.

ಪಿಜಿಸಿಇಟಿ: ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಈ ಪರೀಕ್ಷೆಯ ಮೂಲಕ ರಾಜ್ಯದ ವಿಶ್ವವಿದ್ಯಾಲಯಗಳ ಮತ್ತು ಅವುಗಳ ಮಾನ್ಯತೆ ಪಡೆದ ಕಾಲೇಜುಗಳ ಸರ್ಕಾರಿ ಕೋಟಾದ ಎಂಬಿಎ ಸೀಟುಗಳು ಭರ್ತಿಯಾಗುತ್ತವೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯ (ಸ್ಥಾಪನೆ 1987), ಸವಳಂಗ ರಸ್ತೆಯ ಜವಾಹರಲಾಲ್ ನೆಹರೂ ರಾಷ್ಟ್ರೀಯ ಎಂಜಿನಿಯರಿಂಗ್ ಕಾಲೇಜು (ಸ್ಥಾಪನೆ 1980) ಹಾಗೂ ಸಾಗರ ರಸ್ತೆಯ ಪಿಇಎಸ್ ತಾಂತ್ರಿಕ ಮತ್ತು ನಿರ್ವಹಣಾ ಸಂಸ್ಥೆ (ಸ್ಥಾಪನೆ 2007) – ಈ ಮೂರರಲ್ಲೂ ಎಂಬಿಎ ವ್ಯಾಸಂಗಕ್ಕೆ ಅವಕಾಶವಿದೆ. ಮನೆಯಿಂದಲೇ ಓಡಾಡಿಕೊಂಡು ಎಂಬಿಎ ಮುಗಿಸಬಯಸುವ ಶಿವಮೊಗ್ಗದ ವಿದ್ಯಾರ್ಥಿಗೆ ಇದೇ ಮುಖ್ಯ ಪರೀಕ್ಷೆ.

ಕ್ಯಾಟ್: ಭಾರತೀಯ ನಿರ್ವಹಣಾ ಸಂಸ್ಥೆಗಳು (ಐಐಎಂ) ಸರದಿಯ ಮೇಲೆ ನಡೆಸುವ ಪರೀಕ್ಷೆ. 20ಕ್ಕೂ ಹೆಚ್ಚು ಐಐಎಂಗಳಲ್ಲದೆ ಬೇರೆ ಅನೇಕ ಪ್ರತಿಷ್ಠಿತ ಸಂಸ್ಥೆಗಳೂ ಇದರ ಅಂಕಗಳನ್ನು ಪರಿಗಣಿಸುತ್ತವೆ. ಆದರೆ ಐಐಎಂ ಅಲ್ಲದ ಸಂಸ್ಥೆಗಳಿಗೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕು, ಪ್ರತ್ಯೇಕ ಶುಲ್ಕ ಕಟ್ಟಬೇಕು ಎಂಬುದನ್ನು ಮರೆಯಬಾರದು.

ಇತರ ಪರೀಕ್ಷೆಗಳು: ಜಮ್ಷೆಡ್‌ಪುರದ ಎಕ್ಸ್‌ಎಲ್‌ಆರ್‌ಐ ನಡೆಸುವ ಎಕ್ಸ್‌ಎಟಿ, ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯ ಸಿಮ್ಯಾಟ್, ಅಖಿಲ ಭಾರತ ನಿರ್ವಹಣಾ ಸಂಘದ ಮ್ಯಾಟ್ ಹಾಗೂ ರಾಜ್ಯದ ಖಾಸಗಿ ಸ್ನಾತಕೋತ್ತರ ಕಾಲೇಜುಗಳ ಸಂಘದ ಕೆಮ್ಯಾಟ್ ಪ್ರಮುಖವಾದವು. ಮ್ಯಾಟ್ ವರ್ಷಕ್ಕೆ ಹಲವು ಬಾರಿ ನಡೆಯುತ್ತದೆ. ಎಕ್ಸ್‌ಎಟಿಯಲ್ಲಿ ನಿರ್ಧಾರ ಕೈಗೊಳ್ಳುವ ಸಾಮರ್ಥ್ಯವನ್ನು ಅಳೆಯುವ ಪ್ರತ್ಯೇಕ ಭಾಗವಿದೆ.

ಕ್ಯಾಟ್‌ಗೆ ಮನಸ್ಸಿಟ್ಟು ತಯಾರಾದವರಿಗೆ ಉಳಿದ ಪರೀಕ್ಷೆಗಳ ಮುಕ್ಕಾಲು ಪಾಲು ಸಿದ್ಧತೆ ತಾನಾಗಿಯೇ ಆಗಿರುತ್ತದೆ. ಪಿಜಿಸಿಇಟಿಗೆ ಸಾಮಾನ್ಯ ಜ್ಞಾನವನ್ನಷ್ಟೇ ಹೆಚ್ಚುವರಿಯಾಗಿ ಓದಬೇಕಾಗುತ್ತದೆ.

ಕ್ಯಾಟ್: ಸ್ವರೂಪ ಮತ್ತು ಬದಲಾವಣೆ

ಕಲ್ಕತ್ತ ಮತ್ತು ಅಹಮದಾಬಾದ್ ಐಐಎಂಗಳು 1961ರಲ್ಲಿ, ಬೆಂಗಳೂರಿನ ಐಐಎಂ 1973ರಲ್ಲಿ ಆರಂಭವಾದವು. ದೀರ್ಘಕಾಲ ಕಾಗದದ ಮೇಲೆ ನಡೆಯುತ್ತಿದ್ದ ಕ್ಯಾಟ್, 2003ರ ನವೆಂಬರ್‌ನಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯಿಂದ ರದ್ದಾಗಿ, 2004ರ ಫೆಬ್ರುವರಿಯಲ್ಲಿ ಮತ್ತೆ ನಡೆಯಬೇಕಾಯಿತು. 2009ರಿಂದ ಅದು ಕಂಪ್ಯೂಟರ್ ಆಧಾರಿತ ಪರೀಕ್ಷೆಯಾಗಿದೆ. 2020ರಲ್ಲಿ ಕೋವಿಡ್ ಕಾರಣದಿಂದ ಅವಧಿಯನ್ನು ಮೂರು ಗಂಟೆಯಿಂದ ಎರಡು ಗಂಟೆಗೆ ಇಳಿಸಲಾಯಿತು. ಆ ಬದಲಾವಣೆ ಮುಂದೆಯೂ ಉಳಿದುಕೊಂಡಿತು.

2024ರ ಪರೀಕ್ಷೆಯಲ್ಲಿ ಒಟ್ಟು 68 ಪ್ರಶ್ನೆಗಳಿದ್ದವು:

* ಇಂಗ್ಲಿಷ್ ಭಾಷಾ ಸಾಮರ್ಥ್ಯ ಮತ್ತು ಓದಿ ಗ್ರಹಿಸುವಿಕೆ – 24 ಪ್ರಶ್ನೆ
* ದತ್ತಾಂಶ ವಿಶ್ಲೇಷಣೆ ಮತ್ತು ತಾರ್ಕಿಕ ಚಿಂತನೆ – 22 ಪ್ರಶ್ನೆ
* ಗಣಿತ ಸಾಮರ್ಥ್ಯ – 22 ಪ್ರಶ್ನೆ

ಪ್ರತಿ ಭಾಗಕ್ಕೆ 40 ನಿಮಿಷ. ಒಂದು ಭಾಗದಲ್ಲಿ ಉಳಿಸಿದ ಸಮಯವನ್ನು ಇನ್ನೊಂದಕ್ಕೆ ಬಳಸುವಂತಿಲ್ಲ. ಸರಿಯುತ್ತರಕ್ಕೆ 3 ಅಂಕ, ಆಯ್ಕೆಗಳಿರುವ ಪ್ರಶ್ನೆಗೆ ತಪ್ಪುತ್ತರ ಕೊಟ್ಟರೆ 1 ಅಂಕ ಕಡಿತ. ಉತ್ತರವನ್ನು ಅಭ್ಯರ್ಥಿಯೇ ಟೈಪ್ ಮಾಡಬೇಕಾದ ಪ್ರಶ್ನೆಗಳಿಗೆ ಕಡಿತವಿಲ್ಲ. ಪರದೆಯ ಮೇಲೆ ಸರಳ ಕ್ಯಾಲ್ಕುಲೇಟರ್ ಇರುತ್ತದೆ.

ಪದವಿಯಲ್ಲಿ ಕನಿಷ್ಠ ಶೇ 50 ಅಂಕ (ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 45) ಇರಬೇಕು. ಅಂತಿಮ ವರ್ಷದ ವಿದ್ಯಾರ್ಥಿಗಳೂ ಅರ್ಜಿ ಸಲ್ಲಿಸಬಹುದು. ಯಾವ ವಿಷಯದಲ್ಲಿ ಪದವಿ ಪಡೆದರೂ ಅಡ್ಡಿಯಿಲ್ಲ.

ಪರ್ಸೆಂಟೈಲ್ ಎಂಬ ಅಳತೆ

ಹಲವು ಪೋಷಕರು ಪರ್ಸೆಂಟೈಲನ್ನು ಶೇಕಡಾವಾರು ಅಂಕವೆಂದೇ ಭಾವಿಸುತ್ತಾರೆ. ಅದು ಎಷ್ಟು ಅಂಕ ಬಂತು ಎಂಬುದನ್ನಲ್ಲ, ಎಷ್ಟು ಮಂದಿಗಿಂತ ಮುಂದಿದ್ದೀರಿ ಎಂಬುದನ್ನು ಹೇಳುವ ಅಳತೆ. 2024ರ ಕ್ಯಾಟ್ ಬರೆದವರು ಸುಮಾರು 2.93 ಲಕ್ಷ ಮಂದಿ. ಆ ಲೆಕ್ಕದಲ್ಲಿ 99 ಪರ್ಸೆಂಟೈಲ್ ಪಡೆದವರಿಗಿಂತ ಮುಂದೆ ಸುಮಾರು 2,930 ಅಭ್ಯರ್ಥಿಗಳಿರುತ್ತಾರೆ. 95 ಪರ್ಸೆಂಟೈಲ್ ಆದರೆ ಮುಂದಿರುವವರ ಸಂಖ್ಯೆ ಸುಮಾರು 14,650ಕ್ಕೆ ಏರುತ್ತದೆ. 90 ಆದರೆ ಅದು 29,300. ತೊಂಬತ್ತು ಎಂಬ ಸಂಖ್ಯೆ ಶಾಲೆಯ ಅಂಕಪಟ್ಟಿಯಲ್ಲಿ ಕೊಡುವ ನೆಮ್ಮದಿಯನ್ನು ಇಲ್ಲಿ ಕೊಡಲಾರದು.

ಪರೀಕ್ಷೆ ಒಂದೇ ದಿನ ಮೂರು ಅವಧಿಗಳಲ್ಲಿ ನಡೆಯುತ್ತದೆ. ಪ್ರಶ್ನೆಪತ್ರಿಕೆಗಳ ಕಾಠಿಣ್ಯದಲ್ಲಿ ವ್ಯತ್ಯಾಸವಿರುವುದರಿಂದ ಅಂಕಗಳನ್ನು ಸಮೀಕರಿಸಿ ಪರ್ಸೆಂಟೈಲ್ ನಿಗದಿ ಮಾಡಲಾಗುತ್ತದೆ. ಒಟ್ಟು ಪರ್ಸೆಂಟೈಲ್ ಜೊತೆಗೆ ಪ್ರತಿ ಭಾಗದಲ್ಲೂ ಕನಿಷ್ಠ ಪರ್ಸೆಂಟೈಲ್ ಗಳಿಸಿರಬೇಕೆಂದು ಐಐಎಂಗಳು ಬಯಸುತ್ತವೆ. ಗಣಿತದಲ್ಲಿ ಎಷ್ಟೇ ಮುಂದಿದ್ದರೂ ಇಂಗ್ಲಿಷ್‌ನಲ್ಲಿ ಕುಸಿದರೆ ಕರೆ ಬಾರದು.

ಊಹೆಯ ಬೆಲೆ

ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸಿದರೆ ಏನಾಗುತ್ತದೆ? ನಾಲ್ಕು ಪ್ರಶ್ನೆಗಳಿಗೆ ಹೀಗೆ ಉತ್ತರಿಸಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ಬಂದದ್ದು 3, ಹೋದದ್ದು 3, ಉಳಿದದ್ದು ಸೊನ್ನೆ. ಜೊತೆಗೆ ಸಮಯವೂ ವ್ಯರ್ಥ. ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಲು ಸಾಧ್ಯವಾದರೆ ಲೆಕ್ಕ ಬದಲಾಗುತ್ತದೆ. ಅಂಥ ಮೂರು ಪ್ರಶ್ನೆಗಳಿಗೆ ಸರಾಸರಿ 3 ಅಂಕ ಬಂದು 2 ಹೋಗುತ್ತದೆ, 1 ಅಂಕ ಉಳಿಯುತ್ತದೆ. ಎರಡು ಆಯ್ಕೆಗಳನ್ನು ತಳ್ಳಿಹಾಕಿದರೆ ಎರಡು ಪ್ರಶ್ನೆಗಳಿಂದ ಸರಾಸರಿ 2 ಅಂಕ ಉಳಿಯುತ್ತದೆ.

ಆದ್ದರಿಂದ ಕ್ಯಾಟ್‌ನಲ್ಲಿ ಕುರುಡು ಊಹೆ ಬೇಡ, ಕಾರಣವಿರುವ ಊಹೆಗೆ ಅಂಜಬೇಕಾಗಿಲ್ಲ. ಟೈಪ್ ಮಾಡುವ ಪ್ರಶ್ನೆಗಳಲ್ಲಿ ಉತ್ತರದ ಅಂದಾಜು ಇದ್ದರೆ ಬರೆದುಬಿಡುವುದೇ ಲೇಸು. ಪಿಜಿಸಿಇಟಿ ಎಂಬಿಎ ಪತ್ರಿಕೆಯ ಕಥೆಯೇ ಬೇರೆ. ಅಲ್ಲಿ 100 ಪ್ರಶ್ನೆಗಳಿಗೆ 2 ಗಂಟೆ, ಅಂದರೆ ಒಂದಕ್ಕೆ 72 ಸೆಕೆಂಡ್. ಅಂಕ ಕಡಿತವಿಲ್ಲ. ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಕ್ಯಾಟ್‌ನಲ್ಲಿ ಬಿಡುವುದನ್ನು ಕಲಿಯಬೇಕು, ಪಿಜಿಸಿಇಟಿಯಲ್ಲಿ ಬಿಡದಿರುವುದನ್ನು ಕಲಿಯಬೇಕು.

ಇಂಗ್ಲಿಷ್: ಕನ್ನಡ ಮಾಧ್ಯಮದವರ ಆತಂಕ

ಕ್ಯಾಟ್ ಇಂಗ್ಲಿಷ್‌ನಲ್ಲಿ ಮಾತ್ರ ನಡೆಯುತ್ತದೆ. ತೀರ್ಥಹಳ್ಳಿ, ಹೊಸನಗರ, ಸೊರಬದ ಕನ್ನಡ ಶಾಲೆಗಳಲ್ಲಿ ಓದಿ ಶಿವಮೊಗ್ಗದ ಕಾಲೇಜುಗಳಿಗೆ ಬಂದವರಿಗೆ ಇದೇ ದೊಡ್ಡ ಅಳುಕು. ಆದರೆ ಈ ಭಾಗ ಅಳೆಯುವುದು ಮಾತನಾಡುವ ನಿರರ್ಗಳತೆಯನ್ನಲ್ಲ, ಓದಿದ್ದನ್ನು ಅರ್ಥಮಾಡಿಕೊಳ್ಳುವ ಶಕ್ತಿಯನ್ನು. 2024ರ 24 ಪ್ರಶ್ನೆಗಳಲ್ಲಿ 16 ಗದ್ಯಭಾಗಗಳಿಗೆ ಸಂಬಂಧಿಸಿದವು. ನಾಲ್ಕು ಗದ್ಯಭಾಗ, ಪ್ರತಿಯೊಂದಕ್ಕೂ ನಾಲ್ಕು ಪ್ರಶ್ನೆ. ಉಳಿದ 8 ಪ್ರಶ್ನೆಗಳು ವಾಕ್ಯಗಳ ಜೋಡಣೆ, ಸಾರಾಂಶ ಇತ್ಯಾದಿ. ಪದಕೋಶವನ್ನು ಬಾಯಿಪಾಠ ಮಾಡಿದವರಿಗೆ ಇಲ್ಲಿ ನೇರ ಲಾಭವಿಲ್ಲ.

ಓದುವ ಅಭ್ಯಾಸ ಮೂರು ತಿಂಗಳಲ್ಲಿ ಬರುವಂಥದ್ದಲ್ಲ. ದಿನಕ್ಕೆ 40 ನಿಮಿಷ ಇಂಗ್ಲಿಷ್ ದಿನಪತ್ರಿಕೆಯ ಸಂಪಾದಕೀಯ ಹಾಗೂ ಇತಿಹಾಸ, ಅರ್ಥಶಾಸ್ತ್ರ, ವಿಜ್ಞಾನ, ತತ್ವಶಾಸ್ತ್ರದ ಒಂದು ಲೇಖನ ಓದಬೇಕು. ಪ್ರತಿ ಲೇಖನ ಮುಗಿದ ಮೇಲೆ ಲೇಖಕನ ವಾದವೇನು ಎಂಬುದನ್ನು ಎರಡು ವಾಕ್ಯಗಳಲ್ಲಿ ಬರೆಯಬೇಕು. ಆರಂಭದ ತಿಂಗಳುಗಳಲ್ಲಿ ಆ ಎರಡು ವಾಕ್ಯ ಕನ್ನಡದಲ್ಲಿದ್ದರೂ ನಷ್ಟವಿಲ್ಲ. ವಾದ ಹಿಡಿಯಲು ಬಂದವನಿಗೆ ಭಾಷೆ ನಿಧಾನವಾಗಿ ಒಲಿಯುತ್ತದೆ. ಗೊತ್ತಿಲ್ಲದ ಪದ ಕಂಡಾಗಲೆಲ್ಲ ನಿಘಂಟು ತೆರೆಯುವ ಬದಲು ಸಂದರ್ಭದಿಂದ ಅರ್ಥ ಊಹಿಸಿ ಮುಂದುವರಿದು, ಕೊನೆಗೆ ಪರಿಶೀಲಿಸುವುದು ಉತ್ತಮ.

ದತ್ತಾಂಶ ಮತ್ತು ತರ್ಕ

ಈ ಭಾಗಕ್ಕೆ ಪಠ್ಯಕ್ರಮ ಎಂಬುದೇ ಇಲ್ಲ. ಕೋಷ್ಟಕ, ನಕ್ಷೆ, ಒಗಟಿನ ರೂಪದ ಗುಚ್ಛಗಳನ್ನು ಕೊಟ್ಟು ಪ್ರಶ್ನೆ ಕೇಳಲಾಗುತ್ತದೆ. 2024ರಲ್ಲಿ ಇಂಥ ಐದು ಗುಚ್ಛಗಳಿದ್ದವು. ಎಲ್ಲವನ್ನೂ ಬಿಡಿಸಲು ಹೊರಟವರು ಯಾವುದನ್ನೂ ಮುಗಿಸದೆ ಉಳಿಯುವುದುಂಟು. ಮೊದಲ ನಾಲ್ಕೈದು ನಿಮಿಷ ಎಲ್ಲ ಗುಚ್ಛಗಳ ಮೇಲೆ ಕಣ್ಣಾಡಿಸಿ, ಸುಲಭವೆನಿಸಿದ ಎರಡು–ಮೂರನ್ನು ಆರಿಸಿಕೊಳ್ಳುವುದೇ ಇಲ್ಲಿನ ಮುಖ್ಯ ಕೌಶಲ.

ಒಂದು ಪುಟ್ಟ ಉದಾಹರಣೆ: ಆಲ್ಕೊಳ, ಗೋಪಾಳ, ವಿನೋಬನಗರ, ಗಾಡಿಕೊಪ್ಪದ ನಾಲ್ವರು ಕ್ಯಾಟ್, ಎಕ್ಸ್‌ಎಟಿ, ಪಿಜಿಸಿಇಟಿ, ಕೆಮ್ಯಾಟ್ – ಈ ನಾಲ್ಕರಲ್ಲಿ ಬೇರೆ ಬೇರೆ ಪರೀಕ್ಷೆ ಬರೆಯುತ್ತಾರೆ. ವಿನೋಬನಗರದವನು ಬರೆಯುವುದು ಪಿಜಿಸಿಇಟಿ. ಆಲ್ಕೊಳದವಳು ರಾಜ್ಯಮಟ್ಟದ ಎರಡು ಪರೀಕ್ಷೆಗಳನ್ನೂ ಬರೆಯುವುದಿಲ್ಲ. ಗಾಡಿಕೊಪ್ಪದವನು ಕೆಮ್ಯಾಟ್ ಬರೆಯುವುದಿಲ್ಲ. ಹಾಗಾದರೆ ಕೆಮ್ಯಾಟ್ ಬರೆಯುವವರು ಯಾರು? ಮೂವರೂ ತಪ್ಪಿದ್ದರಿಂದ ಗೋಪಾಳದವರೇ. ಆದರೆ ಕ್ಯಾಟ್ ಆಲ್ಕೊಳದವಳದೋ ಗಾಡಿಕೊಪ್ಪದವನದೋ ಎಂಬುದು ಈ ಮಾಹಿತಿಯಿಂದ ತೀರ್ಮಾನವಾಗದು. ಯಾವುದು ಖಚಿತ, ಯಾವುದು ಅಲ್ಲ ಎಂಬುದನ್ನು ಬೇರ್ಪಡಿಸುವುದೇ ಈ ಭಾಗದ ತಿರುಳು. ಎಲ್ಲ ಖಾನೆಗಳೂ ತುಂಬಲೇಬೇಕೆಂಬ ಹಟ ಸಮಯವನ್ನು ನುಂಗುತ್ತದೆ.

ಗಣಿತ: ಹತ್ತನೇ ತರಗತಿಯ ಪುಸ್ತಕದಿಂದ ಆರಂಭ

ಪ್ರಶ್ನೆಗಳ ಬುಡ ಇರುವುದು ಬಹುಪಾಲು ಪ್ರೌಢಶಾಲೆಯ ಗಣಿತದಲ್ಲೇ. ಶೇಕಡಾವಾರು, ಅನುಪಾತ, ಲಾಭ–ನಷ್ಟ, ಬಡ್ಡಿ, ವೇಗ–ಕಾಲ–ದೂರ, ಕೆಲಸ–ಕಾಲ ಮೊದಲಾದ ಅಂಕಗಣಿತಕ್ಕೆ ಹೆಚ್ಚಿನ ತೂಕ. ನಂತರ ಬೀಜಗಣಿತ, ರೇಖಾಗಣಿತ, ಸಂಖ್ಯಾಸಿದ್ಧಾಂತ. ಪಿಯುಸಿಯಲ್ಲಿ ವಾಣಿಜ್ಯ ಅಥವಾ ಕಲಾ ವಿಭಾಗ ಓದಿ ಗಣಿತವನ್ನು ಬಿಟ್ಟವರು ಎಂಟರಿಂದ ಹತ್ತನೇ ತರಗತಿಯ ಪುಸ್ತಕಗಳಿಂದ ಆರಂಭಿಸಲು ಸಂಕೋಚಪಡಬೇಕಾಗಿಲ್ಲ.

ಸೂತ್ರಕ್ಕಿಂತ ಭಿನ್ನರಾಶಿಗಳ ಮೇಲಿನ ಹಿಡಿತ ಮುಖ್ಯ. ಅಡಿಕೆ ಧಾರಣೆ ಶೇ 25 ಏರಿ ಮತ್ತೆ ಶೇ 20 ಇಳಿದರೆ ನಿವ್ವಳ ಏರಿಕೆ ಶೇ 5 ಎಂದು ತೋರುತ್ತದೆ. ವಾಸ್ತವದಲ್ಲಿ 100 ಇದ್ದದ್ದು 125 ಆಗಿ, ಅದರ ಐದನೇ ಒಂದು ಭಾಗ ಇಳಿದು ಮತ್ತೆ 100 ಆಗುತ್ತದೆ. ಹಾಗೆಯೇ ಶಿವಮೊಗ್ಗದಿಂದ ಸಾಗರಕ್ಕೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗಿ ಅದೇ ದಾರಿಯಲ್ಲಿ 40ರ ವೇಗದಲ್ಲಿ ಮರಳಿದವನ ಸರಾಸರಿ ವೇಗ 50 ಅಲ್ಲ, 48. ನಿಧಾನದ ಪ್ರಯಾಣಕ್ಕೆ ಹೆಚ್ಚು ಹೊತ್ತು ಹಿಡಿಯುವುದೇ ಕಾರಣ. ಇಂಥ ಸರಳ ಬಲೆಗಳಲ್ಲಿ ಬೀಳದಿರುವುದೇ ಅರ್ಧ ಗೆಲುವು.

ಒಂದು ವರ್ಷದ ವೇಳಾಪಟ್ಟಿ

ಕ್ಯಾಟ್ ಪ್ರಕಟಣೆ ಸಾಮಾನ್ಯವಾಗಿ ಜುಲೈ ಕೊನೆಯಲ್ಲಿ ಹೊರಬೀಳುತ್ತದೆ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಅರ್ಜಿ, ನವೆಂಬರ್‌ನ ಕೊನೆಯ ಭಾನುವಾರಗಳಲ್ಲಿ ಪರೀಕ್ಷೆ, ಡಿಸೆಂಬರ್‌ನಲ್ಲಿ ಫಲಿತಾಂಶ. ಇತ್ತೀಚಿನ ವರ್ಷಗಳಲ್ಲಿ 2023ರ ನವೆಂಬರ್ 26, 2024ರ ನವೆಂಬರ್ 24 ಮತ್ತು 2025ರ ನವೆಂಬರ್ 30ರಂದು ಪರೀಕ್ಷೆ ನಡೆದಿದೆ.

* ಡಿಸೆಂಬರ್–ಮಾರ್ಚ್: ಪ್ರೌಢಶಾಲಾ ಗಣಿತದ ಪುನರಾವರ್ತನೆ, ದಿನನಿತ್ಯದ ಓದು. ದಿನಕ್ಕೆ ಒಂದೂವರೆ ಗಂಟೆ ಸಾಕು.
* ಏಪ್ರಿಲ್–ಜುಲೈ: ವಿಷಯವಾರು ಪ್ರಶ್ನೆಗಳ ಅಭ್ಯಾಸ, ದಿನಕ್ಕೊಂದು ತರ್ಕದ ಗುಚ್ಛ, ತಿಂಗಳಿಗೆ ಒಂದು ಅಣಕು ಪರೀಕ್ಷೆ.
* ಆಗಸ್ಟ್–ಅಕ್ಟೋಬರ್: ವಾರಕ್ಕೊಂದು ಪೂರ್ಣ ಅಣಕು ಪರೀಕ್ಷೆ, ಮರುದಿನ ವಿಶ್ಲೇಷಣೆ.
* ನವೆಂಬರ್: ಹೊಸ ವಿಷಯ ಬೇಡ. ಹಿಂದಿನ ತಪ್ಪುಗಳ ಪರಿಶೀಲನೆ ಮತ್ತು ವಿಶ್ರಾಂತಿ.

ಪದವಿಯ ಸೆಮಿಸ್ಟರ್ ಪರೀಕ್ಷೆ ಕ್ಯಾಟ್‌ನ ಆಸುಪಾಸಿಗೇ ಬರಬಹುದಾದ್ದರಿಂದ ಅಕ್ಟೋಬರ್ ಒಳಗೆ ಮುಖ್ಯ ಸಿದ್ಧತೆ ಮುಗಿಸುವುದು ಜಾಣತನ. ಪಿಜಿಸಿಇಟಿ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಪ್ರಾಧಿಕಾರದ ಪ್ರಕಟಣೆಯನ್ನು ಗಮನಿಸುತ್ತಿರಬೇಕು.

ಅಣಕು ಪರೀಕ್ಷೆ: ಬರೆಯುವುದಕ್ಕಿಂತ ನೋಡುವುದು ಮುಖ್ಯ

ಮೂವತ್ತು ಅಣಕು ಪರೀಕ್ಷೆ ಬರೆದು ಒಂದನ್ನೂ ತಿರುಗಿ ನೋಡದವರಿಗಿಂತ ಹದಿನೈದು ಬರೆದು ಪ್ರತಿಯೊಂದನ್ನೂ ಕೂಲಂಕಷವಾಗಿ ಪರಿಶೀಲಿಸಿದವರು ಮುಂದಿರುತ್ತಾರೆ. ತಪ್ಪುಗಳಿಗೆಂದೇ ಒಂದು ನೋಟ್‌ಬುಕ್ ಇಟ್ಟು, ಪ್ರತಿ ತಪ್ಪಿನ ಮುಂದೆ ಕಾರಣ ಬರೆಯಬೇಕು: ವಿಷಯ ತಿಳಿದಿರಲಿಲ್ಲವೇ, ಪ್ರಶ್ನೆಯನ್ನು ಸರಿಯಾಗಿ ಓದಲಿಲ್ಲವೇ, ಲೆಕ್ಕದಲ್ಲಿ ಎಡವಿದ್ದೇ, ಬಿಡಬೇಕಾದ ಪ್ರಶ್ನೆಗೆ ಅಂಟಿಕೊಂಡದ್ದೇ? ಎರಡು ತಿಂಗಳಲ್ಲಿ ತಮ್ಮ ದೌರ್ಬಲ್ಯ ಯಾವುದೆಂದು ಆ ಪುಸ್ತಕವೇ ಹೇಳುತ್ತದೆ. 2017ರಿಂದೀಚೆಗಿನ ಕ್ಯಾಟ್ ಪ್ರಶ್ನೆಪತ್ರಿಕೆಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಯಾವುದೇ ಖಾಸಗಿ ಸಂಸ್ಥೆಯ ಮಾದರಿ ಪತ್ರಿಕೆಗಿಂತ ಇವು ಹೆಚ್ಚು ನಂಬಿಕೆಗೆ ಅರ್ಹ. ಮೊಬೈಲ್‌ನಲ್ಲಿ ಅಲ್ಲ, ಕಂಪ್ಯೂಟರ್ ಮುಂದೆ ಕುಳಿತು, ನಿಗದಿತ ಅವಧಿಯಲ್ಲೇ ಬರೆಯುವುದನ್ನು ರೂಢಿಸಿಕೊಳ್ಳಬೇಕು.

ಬೆಂಗಳೂರಿಗೆ ಹೋಗಲೇಬೇಕೇ?

ಪದವಿ ಮುಗಿಸಿ ಒಂದು ವರ್ಷ ಬೆಂಗಳೂರಿನ ಪಿ.ಜಿ.ಯಲ್ಲಿದ್ದು ತರಬೇತಿ ಪಡೆಯುವುದಕ್ಕೆ ಬಾಡಿಗೆ, ಊಟ, ತರಬೇತಿ ಶುಲ್ಕ ಸೇರಿ ಮಧ್ಯಮ ವರ್ಗದ ಕುಟುಂಬಕ್ಕೆ ದೊಡ್ಡ ಹೊರೆಯೇ ಆಗುತ್ತದೆ. ಒಂದು ಕಾಲದಲ್ಲಿ ಉತ್ತಮ ಸಾಮಗ್ರಿ ಮಹಾನಗರಗಳಲ್ಲಷ್ಟೇ ದೊರೆಯುತ್ತಿತ್ತು. ಈಗ ಪಾಠಗಳೂ ಅಣಕು ಪರೀಕ್ಷೆಗಳೂ ಅಂತರ್ಜಾಲದಲ್ಲೇ ಸಿಗುತ್ತವೆ. ಊರಿನಲ್ಲಿ ಕೊರತೆಯಾಗುವುದು ಪುಸ್ತಕವಲ್ಲ, ಜೊತೆಗೆ ಓದುವವರು. ಮೂರು–ನಾಲ್ಕು ಗೆಳೆಯರು ವಾರಕ್ಕೊಮ್ಮೆ ಸೇರಿ ಒಂದೇ ಅಣಕು ಪರೀಕ್ಷೆ ಬರೆದು ಚರ್ಚಿಸಿದರೆ ಆ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಶಿಸ್ತಿನಿಂದ ಒಂಟಿಯಾಗಿ ಓದಲಾಗದವರಿಗೆ ತರಗತಿಯ ತರಬೇತಿ ನೆರವಾದೀತು. ಹಣ ಕಟ್ಟುವ ಮುನ್ನ ಒಂದು ಉಚಿತ ಅಣಕು ಪರೀಕ್ಷೆ ಬರೆದು ತಮ್ಮ ಮಟ್ಟ ಅರಿಯುವುದು ಕ್ಷೇಮ.

ಜಾತಿ ಪ್ರಮಾಣಪತ್ರ: ಹಲವರು ಎಡವುವ ತಾಣ

ಐಐಎಂಗಳಲ್ಲಿ ಕೇಂದ್ರ ಸರ್ಕಾರದ ಮೀಸಲಾತಿ ಅನ್ವಯವಾಗುತ್ತದೆ: ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 7.5, ಕೆನೆಪದರಕ್ಕೆ ಸೇರದ ಇತರ ಹಿಂದುಳಿದ ವರ್ಗಕ್ಕೆ ಶೇ 27, ಆರ್ಥಿಕವಾಗಿ ದುರ್ಬಲ ವರ್ಗಕ್ಕೆ ಶೇ 10, ಅಂಗವಿಕಲರಿಗೆ ಶೇ 5. ರಾಜ್ಯದ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂಬ ವರ್ಗೀಕರಣ ಇಲ್ಲಿ ನಡೆಯದು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿ ಇರಬೇಕೆಂದೇನೂ ಇಲ್ಲ. ಆದ್ದರಿಂದ ಮೊದಲು ಕೇಂದ್ರದ ಪಟ್ಟಿ ಪರಿಶೀಲಿಸಿ, ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಯಲ್ಲಿ ಕೇಂದ್ರದ ನಮೂನೆಯ ಪ್ರಮಾಣಪತ್ರವನ್ನೇ ಕೇಳಿ ಪಡೆಯಬೇಕು. ಆದಾಯಕ್ಕೆ ಸಂಬಂಧಿಸಿದ ಪ್ರಮಾಣಪತ್ರಗಳು ಆಯಾ ಆರ್ಥಿಕ ವರ್ಷದವೇ ಆಗಿರಬೇಕೆಂಬ ನಿಯಮವಿರುವುದರಿಂದ ಹಳೆಯ ಪತ್ರ ನಂಬಿ ಕೂರುವಂತಿಲ್ಲ. ಪಿಜಿಸಿಇಟಿಗೆ ಮಾತ್ರ ರಾಜ್ಯದ ನಮೂನೆಯೇ ಬೇಕು. ಎರಡೂ ಪರೀಕ್ಷೆ ಬರೆಯುವವರು ಎರಡೂ ಪತ್ರಗಳನ್ನು ಜುಲೈ ಒಳಗೆ ಸಿದ್ಧಪಡಿಸಿಕೊಳ್ಳಬೇಕು.

ಶುಲ್ಕ ಮತ್ತು ಸಾಲ

2024ರ ಕ್ಯಾಟ್ ಅರ್ಜಿ ಶುಲ್ಕ 2,500 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲರಿಗೆ 1,250 ರೂಪಾಯಿ ಇತ್ತು. ಬೆಂಗಳೂರು ಐಐಎಂನಂಥ ಸಂಸ್ಥೆಯಲ್ಲಿ ಎರಡು ವರ್ಷದ ವ್ಯಾಸಂಗಕ್ಕೆ 20 ಲಕ್ಷ ರೂಪಾಯಿಗೂ ಮೇಲ್ಪಟ್ಟು ವೆಚ್ಚವಾಗುತ್ತದೆ. ಇಂಥ ಸಂಸ್ಥೆಗಳಲ್ಲಿ ಪ್ರವೇಶ ದೊರೆತವರಿಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟವಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಡಿ ಆಯ್ದ ಗುಣಮಟ್ಟದ ಸಂಸ್ಥೆಗಳ ವಿದ್ಯಾರ್ಥಿಗಳು ಅಡಮಾನ, ಜಾಮೀನು ಇಲ್ಲದೆ ಸಾಲ ಪಡೆಯಬಹುದು.

ಎಚ್ಚರ ಬೇಕಿರುವುದು ನಡುವಿನ ಹಂತದಲ್ಲಿ. ಅಂಕ ಕಡಿಮೆಯಾದಾಗ, ಹೆಸರೇ ಕೇಳಿರದ ದೂರದ ಖಾಸಗಿ ಸಂಸ್ಥೆಗೆ ಹತ್ತಾರು ಲಕ್ಷ ಕಟ್ಟಿ ಸೇರುವ ಆತುರ ಕಾಣುತ್ತದೆ. ಅಂಥಲ್ಲಿ ಕಳೆದ ಮೂರು ವರ್ಷ ಎಷ್ಟು ಮಂದಿಗೆ, ಯಾವ ವೇತನದ ಕೆಲಸ ಸಿಕ್ಕಿದೆ ಎಂದು ಹಳೆಯ ವಿದ್ಯಾರ್ಥಿಗಳನ್ನೇ ವಿಚಾರಿಸಬೇಕು. ಸರಾಸರಿ ವೇತನಕ್ಕಿಂತ ಮಧ್ಯಾಂಕ ವೇತನ ಕೇಳುವುದು ಸೂಕ್ತ. ಒಬ್ಬರಿಬ್ಬರ ಭಾರೀ ಸಂಬಳ ಸರಾಸರಿಯನ್ನು ಮೇಲೆತ್ತಿಬಿಡುತ್ತದೆ, ಮಧ್ಯಾಂಕವನ್ನು ಅಷ್ಟು ಸುಲಭವಾಗಿ ಕದಲಿಸಲಾರದು. ಪಿಜಿಸಿಇಟಿ ಮೂಲಕ ಕಡಿಮೆ ಶುಲ್ಕದ ಸೀಟು ಪಡೆದು ಸಾಲವಿಲ್ಲದೆ ಓದುವುದು ಇಂಥ ಸಂದರ್ಭದಲ್ಲಿ ಹೆಚ್ಚು ವಿವೇಕದ ದಾರಿ.

ಸಂದರ್ಶನ: ಊರೇ ಪಾಠ

ಐಐಎಂಗಳು ಕ್ಯಾಟ್ ಅಂಕವೊಂದನ್ನೇ ನೋಡುವುದಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಯ ಅಂಕ, ಕೆಲಸದ ಅನುಭವ, ಬರವಣಿಗೆ ಮತ್ತು ಸಂದರ್ಶನಕ್ಕೂ ತೂಕವಿದೆ. ಬೆಂಗಳೂರು ಐಐಎಂ ಹತ್ತು ಮತ್ತು ಹನ್ನೆರಡನೇ ತರಗತಿಯ ಅಂಕಗಳಿಗೆ ಗಣನೀಯ ಪಾಲು ನೀಡುತ್ತದೆ. ಆ ಅಂಕಗಳನ್ನು ಈಗ ಬದಲಿಸಲಾಗದು, ಆದರೆ ಸಂದರ್ಶನಕ್ಕೆ ಸಿದ್ಧವಾಗಬಹುದು.

ನಿಮ್ಮ ಊರಿನ ಬಗ್ಗೆ ಹೇಳಿ ಎಂಬುದು ಸಂದರ್ಶನಗಳಲ್ಲಿ ಸಾಮಾನ್ಯ ಪ್ರಶ್ನೆ. ಶಿವಮೊಗ್ಗದ ಅಭ್ಯರ್ಥಿಗೆ ಇಲ್ಲಿ ಸಾಮಗ್ರಿಗೆ ಬರವಿಲ್ಲ. 1923ರಲ್ಲಿ ಕಾರ್ಯಾರಂಭ ಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರಕ್ಕೆ ಭಾರತೀಯ ಉಕ್ಕು ಪ್ರಾಧಿಕಾರ ನೂರು ವರ್ಷಗಳ ನಂತರ, 2023ರಲ್ಲಿ ಬಂದದ್ದೇಕೆ? 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಸ್ಥಗಿತಗೊಂಡದ್ದು ಯಾವ ಕಾರಣಗಳಿಂದ? 1939ರಲ್ಲಿ ಬೆಳೆಗಾರರು ಕಟ್ಟಿದ ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್‌ಕೋಸ್ ಇಂದಿಗೂ ಬಾಳುತ್ತಿರುವುದು ಹೇಗೆ? ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ದರ್ಜೆಗಳ ಧಾರಣೆಯಲ್ಲಿ ಅಷ್ಟು ಅಂತರವೇಕೆ? 2023ರ ಫೆಬ್ರುವರಿಯಲ್ಲಿ ಉದ್ಘಾಟನೆಗೊಂಡ ಸೋಗಾನೆಯ ವಿಮಾನ ನಿಲ್ದಾಣದಿಂದ ಜಿಲ್ಲೆಯ ವ್ಯಾಪಾರಕ್ಕೆ ಆದ ಲಾಭವೇನು? ಬಂಡವಾಳ, ಕಚ್ಚಾವಸ್ತು, ಕಾರ್ಮಿಕರು, ಮಾರುಕಟ್ಟೆ, ಸರ್ಕಾರದ ನೀತಿ – ನಿರ್ವಹಣಾ ಶಾಸ್ತ್ರದ ಎಲ್ಲ ಅಧ್ಯಾಯಗಳೂ ಈ ಪ್ರಶ್ನೆಗಳಲ್ಲಿವೆ. ಇವುಗಳಿಗೆ ಸ್ವಂತ ಉತ್ತರ ಕಂಡುಕೊಂಡವರ ಮಾತು ಸಿದ್ಧ ಭಾಷಣಕ್ಕಿಂತ ಹೆಚ್ಚು ಹಿಡಿಸುತ್ತದೆ.

ನೆನಪಿಡಬೇಕಾದದ್ದು

ಕ್ಯಾಟ್ ಅಂಕ ಪರೀಕ್ಷೆಯ ಮುಂದಿನ ವರ್ಷದ ಡಿಸೆಂಬರ್ 31ರವರೆಗೆ ಮಾತ್ರ ಮಾನ್ಯ. ಎಷ್ಟು ಬಾರಿ ಬೇಕಾದರೂ ಬರೆಯಬಹುದು, ವಯೋಮಿತಿ ಇಲ್ಲ. ಮೊದಲ ಬಾರಿ ಕೈತಪ್ಪಿದರೆ ಒಂದೆರಡು ವರ್ಷ ಕೆಲಸ ಮಾಡಿ ಮತ್ತೆ ಬರೆಯುವುದು ಸೋಲಲ್ಲ. ಆ ಅನುಭವಕ್ಕೆ ಆಯ್ಕೆಯಲ್ಲೂ ತೂಕ ಸಿಗುತ್ತದೆ. ಕ್ಯಾಟ್ ಜೊತೆಗೆ ಪಿಜಿಸಿಇಟಿಯನ್ನೂ ಬರೆದು ಒಂದು ಸೀಟು ಭದ್ರಪಡಿಸಿಕೊಂಡರೆ ಆತುರದ ನಿರ್ಧಾರಗಳಿಂದ ಪಾರಾಗಬಹುದು. ಪ್ರಶ್ನೆಗಳ ಸಂಖ್ಯೆ, ಶುಲ್ಕ, ದಿನಾಂಕಗಳು ವರ್ಷಕ್ಕೊಮ್ಮೆ ಬದಲಾಗುವುದರಿಂದ ಅರ್ಜಿ ತುಂಬುವ ಮುನ್ನ ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನು ಪೂರ್ತಿಯಾಗಿ ಓದುವುದು ಕಡ್ಡಾಯವೆಂದೇ ತಿಳಿಯಬೇಕು.